ತಾಳ್ಯದ ಮೀಟ್ರಮ್ಮ

ನನಗೊಂದು ಚಟವಿದೆ. ಏನೇ ಬರೆದರೂ ಅದರ ಕೆಳಗೆ ಗೆರೆ ಎಳೆಯುತ್ತೇನೆ. ಅಂಗಡಿಗೆ ಕಳಿಸುವ ಚೀಟಿಯಲ್ಲಿ ಕಡಲೆಬೇಳೆಗೆ ಒಂದು ಗೆರೆ, ಪಕ್ಕದಲ್ಲಿ 'ಹುಳ ಇಲ್ಲದ್ದು' ಎಂದು ಬರೆದು ಅದಕ್ಕೆ ಎರಡು ಗೆರೆ. ನಾದಿನಿಯ ಮದುವೆಯಲ್ಲಿ ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಜಮಾನರು ಬಂದು ನೋಡಿದರೆ ನೆಂಟರಿಷ್ಟರ ಹೆಸರಿನ ಕೆಳಗೆಲ್ಲ ಸ್ಕೇಲಿಟ್ಟು ಎಳೆದ ಗೆರೆ. "ಇವರನ್ನ ಮದುವೆಗೆ ಕರೀತಿದೀವೋ, ಇವರಿಗೆಲ್ಲ ಮಾರ್ಕ್ಸ್ ಕೊಡ್ತಿದೀವೋ?" ಅಂದರು. ಮನೆತುಂಬ ನಗು. ನಾನೂ ನಕ್ಕೆ. ನಗಬೇಕಾದ ಕಡೆ ನಗುವುದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ.

ಈ ಗೆರೆಯ ಚಟ ಅಂಟಿಕೊಂಡಿದ್ದು ಚಿತ್ರದುರ್ಗದಲ್ಲಿ, ಬಿ.ಎ. ಓದುವಾಗ, ತೊಂಬತ್ತರ ದಶಕದ ನಡುವೆ. ನಮಗೆ ಇತಿಹಾಸ ಹೇಳುತ್ತಿದ್ದ ಮೇಷ್ಟ್ರು ಒಂದು ಉದ್ದನೆಯ ನೋಟ್‌ಬುಕ್ ತರುತ್ತಿದ್ದರು. ಅದರ ರಟ್ಟು ಕಿತ್ತುಹೋಗಿ ಯಾವುದೋ ಕಾಲದ ಕ್ಯಾಲೆಂಡರಿನ ಹಾಳೆ ಹಚ್ಚಿದ್ದರು. ಅದನ್ನು ಬಿಚ್ಚಿ ಒಂದೇ ರಾಗದಲ್ಲಿ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. "ಪೇಪರ್ ನೋಡೋರಿಗೆ ನಿಮ್ಮ ಪುರಾಣ ಓದೋಕೆ ಪುರುಸೊತ್ತಿರಲ್ಲ. ಗೆರೆ ಎಳೆದಿದ್ದನ್ನ ನೋಡ್ತಾರೆ, ನಂಬರ್ ಹಾಕ್ತಾರೆ" ಎನ್ನುವುದು ಅವರ ಉಪದೇಶ. ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತಿದ್ದ ಒಂದು ಪ್ರಶ್ನೆ ಇತ್ತು: ಗ್ರೀಕ್ ಪುರಾಣಗಳು ಪ್ರಾಚೀನ ಸಂಸ್ಕೃತಿಯ ಮೇಲೆ ಬೀರಿದ ಪ್ರಭಾವವನ್ನು ವಿವರಿಸಿ. ಹತ್ತು ಅಂಕ. ಪೀಠಿಕೆ, ದೇವಾಲಯ, ಶಿಲ್ಪ, ನಾಟಕ, ಕ್ರೀಡೆ, ಉಪಸಂಹಾರ. ಜೂಸ್ ಗುಡುಗಿಗೆ, ಪೊಸೈಡನ್ ಕಡಲಿಗೆ, ಅಥೀನಾ ಜ್ಞಾನಕ್ಕೆ. ತಾಲ್ಲೂಕು ಕಚೇರಿಯ ಹಾಗೆ ಒಬ್ಬೊಬ್ಬ ದೇವರಿಗೂ ಒಂದೊಂದು ವಿಭಾಗ. ಈ ದೇವರುಗಳು ಏನು ಮಾಡಿದರು, ಯಾಕೆ ಮಾಡಿದರು, ಅದು ನೋಟ್ಸಿನಲ್ಲಿ ಇರಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ. ಹಾಸ್ಟೆಲಿನ ತಾರಸಿಯ ಮೇಲೆ ಕೋಟೆಯ ಬಂಡೆಗಳ ಕಡೆ ಮುಖ ಮಾಡಿ ಅತ್ತಿಂದಿತ್ತ ಓಡಾಡುತ್ತಾ ಗಟ್ಟಿ ಮಾಡುತ್ತಿದ್ದೆ.

ಗಟ್ಟಿ ಮಾಡುತ್ತಿದ್ದುದು ನೋಟ್ಸನ್ನು ಮಾತ್ರವಲ್ಲ. ನಮ್ಮೂರು ಹಿರೇಗುಂಟನೂರಿನ ಹತ್ತಿರ. ಮನೆಯಲ್ಲಿ ಹುಟ್ಟಿದಾಗಿನಿಂದ 'ಐತೆ', 'ಅವೆ' ಅಂತಲೇ ಮಾತಾಡಿದವಳು. ಕಾಲೇಜಿಗೆ ಬಂದ ಮೊದಲ ವಾರವೇ ನನಗೆ ಗೊತ್ತಾಗಿಹೋಯಿತು, 'ಐತೆ' ಅನ್ನುವವರು ಹಿಂದಿನ ಬೆಂಚು, 'ಇದೆ' ಅನ್ನುವವರು ಮುಂದಿನ ಬೆಂಚು. ಕನ್ನಡಿ ಮುಂದೆ ನಿಂತು 'ಇದೆ, ಇವೆ, ಬನ್ನಿ, ಕೂತುಕೊಳ್ಳಿ' ಎಂದು ಬಾಯಿ ತಿರುಗಿಸಿಕೊಂಡೆ. ರಜೆಗೆ ಊರಿಗೆ ಹೋದಾಗ ನಮ್ಮವ್ವ, "ಯಾರ ಜೊತೆ ಮಾತಾಡ್ತೀಯೇ? ಮನ್ಯಾಗೆ ರೇಡಿಯೋ ಹಚ್ಚಿದಂಗೈತೆ" ಅಂದಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ತಿಪ್ಪಮ್ಮ ಬಾಯಿ ತಿರುಗಿಸಿಕೊಳ್ಳಲಿಲ್ಲ. ಅವಳು ತಾಳ್ಯದವಳು, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ. ಎತ್ತರದ ಹುಡುಗಿ, ಎರಡು ಜಡೆ, ನಡೆದರೆ ದಡದಡ ಸದ್ದು. ಹಾಜರಿಯಲ್ಲಿ ಮೇಷ್ಟ್ರು "ತಿ...ಪ್ಪ...ಮ್ಮ" ಎಂದು ಎಳೆದು ಕರೆದರೆ ಇವಳು ಸಂಕೋಚವಿಲ್ಲದೆ "ಇದೀನಿ ಸಾರ್!" ಎಂದು ಕೋಣೆ ಅದುರುವ ಹಾಗೆ ಕೂಗುತ್ತಿದ್ದಳು. ಅವಳಿಗೆ ಚಿತ್ರದುರ್ಗದ ಲೈಬ್ರರಿಯಲ್ಲಿ ಗ್ರೀಕರ ಕಥೆಗಳ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ದಿನಕ್ಕೆ ಎರಡು ಪುಟ, ಮೂರು ಪುಟ ಓದಿದಳು. ಓದಿದ್ದನ್ನು ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಹೇಳುತ್ತಿದ್ದಳು. ಅಡುಗೆಯ ಸಾಕಮ್ಮ ಮುದ್ದೆ ಕೂಡಿಸುತ್ತಾ ಕೇಳುತ್ತಿದ್ದರು, ನಾವು ನಾಲ್ಕೈದು ಹುಡುಗಿಯರು ಸೊಪ್ಪು ಬಿಡಿಸುವ ನೆಪದಲ್ಲಿ ಕೂರುತ್ತಿದ್ದೆವು.

"ಡಿಮೀಟರ್ ಅಂತ ಒಬ್ಬಳು ದ್ಯಾವತೆ, ಸಾಕಮ್ಮ. ಬೆಳೆ ಎಲ್ಲಾ ಅವಳ್ದೇ. ಅವಳಿಗೊಬ್ಬಳು ಮಗಳು. ಆ ಹುಡುಗಿ ಹೂ ಕೀಳ್ತಿದ್ದಾಗ ಪಾತಾಳದೋನು ನೆಲ ಬಿರಿಸ್ಕಂಡು ಬಂದು ಎತ್ಕಂಡು ಹೋದ."

"ಅಯ್ಯೋ ಅವ್ನ! ಅಪ್ಪ ಅನ್ನಾನು ಇರಲಿಲ್ವಾ ಆ ಮಗೀಗೆ?"

"ಇದ್ನಲ್ಲ. ಜೂಸು. ಎಲ್ಲಾ ದ್ಯಾವ್ರಿಗೂ ದೊಡ್ಡೋನು. ಅವನಿಗೆ ಮೊದ್ಲೇ ಗೊತ್ತಿತ್ತು ಸಾಕಮ್ಮ! ಅವನೇ ಒಪ್ಕಂಡಿದ್ದ. ತಾಯಿನ ಮಾತ್ರ ಯಾರೂ ಕೇಳಲಿಲ್ಲ."

ಸಾಕಮ್ಮ ಮುದ್ದೆಕೋಲು ನಿಲ್ಲಿಸಿದರು. ಆ ತಾಯಿ ಮುದುಕಿಯ ವೇಷ ಹಾಕಿಕೊಂಡು ಊರೂರು ಅಲೆದದ್ದು, ಯಾವುದೋ ಊರಿನ ಬಾವಿಯ ಹತ್ತಿರ ಕೂತದ್ದು, ನೀರಿಗೆ ಬಂದ ಹುಡುಗಿಯರು 'ಯಾವೂರಜ್ಜಿ ನಿಂದು?' ಎಂದು ಕೇಳಿದ್ದು, ಅವಳು ಮುನಿಸಿಕೊಂಡು ಭೂಮಿಯಲ್ಲಿ ಒಂದು ಕಾಳೂ ಮೊಳೆಯದ ಹಾಗೆ ಮಾಡಿದ್ದು, ಪೂಜೆ ನಿಂತು ಹೋಗುತ್ತದೆ ಎಂದು ದೇವರುಗಳಿಗೇ ಹೆದರಿಕೆ ಹತ್ತಿದ್ದು, ಎಲ್ಲವನ್ನೂ ತಿಪ್ಪಮ್ಮ ತನ್ನ ಕೇರಿಯಲ್ಲಿ ನಡೆದದ್ದೆನ್ನುವಂತೆ ಹೇಳಿದಳು. ಮಗಳು ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದದ್ದರಿಂದ ಪೂರ್ತಿ ತಿರುಗಿ ಬರುವ ಹಾಗಿಲ್ಲ, ವರ್ಷದಲ್ಲಿ ಕೆಲವು ತಿಂಗಳು ಅಲ್ಲೇ ಇರಬೇಕು ಅಂದಾಗ ಸಾಕಮ್ಮನಿಗೆ ತಡೆಯಲಿಲ್ಲ. "ಹಸ್ಕಂಡು ಒಂದೆಲ್ಡು ಕಾಳು ಬಾಯಿಗೆ ಹಾಕ್ಕಂಡಿದ್ಕೆ ಇಷ್ಟು ಶಿಕ್ಷೆನಾ? ಅವನಿಗೇನು ಶಿಕ್ಷೆ ಆತು, ಎತ್ಕಂಡು ಹೋದೋನಿಗೆ?"

"ಅವನಿಗೇನೂ ಆಗ್ಲಿಲ್ಲ."

"ಹಂಗನ್ನು ಮತ್ತೆ" ಎಂದು ಸಾಕಮ್ಮ ಮತ್ತೆ ಕೋಲು ಹಿಡಿದರು. ಆ ದಿನದಿಂದ ಸಾಕಮ್ಮನ ಬಾಯಲ್ಲಿ ಡಿಮೀಟರ್ ದೇವತೆ 'ಮೀಟ್ರಮ್ಮ' ಆದಳು. ಹಾಸ್ಟೆಲಿನಲ್ಲಿ ಕರೆಂಟು ಹೋದಾಗಲೆಲ್ಲ 'ಮೀಟ್ರಮ್ಮಂಗೆ ಸಿಟ್ಟು ಬಂದೈತೆ' ಎಂದು ನಗುತ್ತಿದ್ದೆವು.

ಒಂದು ದಿನ ತರಗತಿಯಲ್ಲಿ ತಿಪ್ಪಮ್ಮ ಎದ್ದು ನಿಂತಳು. "ಸಾರ್, ಪ್ರಭಾವ ಅಂದ್ರೆ ಗುಡಿ, ವಿಗ್ರಹ ಇಷ್ಟೇನಾ? ಅಲ್ಲಿ ಬಿತ್ತನೆ ಟೈಮಿನಾಗೆ ಹೆಂಗಸರು ಮಾತ್ರ ಮಾಡೋ ಹಬ್ಬ ಇತ್ತಂತೆ. ಗಂಡಸರು ಬರಂಗಿಲ್ಲ. ನೆಲದ ಮೇಲೆ ಕುಂತು ಉಪಾಸ ಮಾಡೋರಂತೆ, ಆ ತಾಯಿ ಮಾಡಿದ್ಲು ಅಂತ. ಯಾವಾಗ ಬಿತ್ತಬೇಕು, ಯಾವಾಗ ಉಪಾಸ ಇರಬೇಕು, ಯಾವಾಗ ಅಳಬೇಕು ಅನ್ನಾದನ್ನೆಲ್ಲ ಆ ಕಥೆನೇ ಹೇಳಿಕೊಡ್ತಿತ್ತು. ಇದು ನೋಟ್ಸಿನಾಗೆ ಇಲ್ವಲ್ಲ ಸಾರ್?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ತಾಳ್ಯದಲ್ಲಿ ಗ್ರೀಕರು ಇದ್ದರೇನಮ್ಮ?"

ತರಗತಿ ನಕ್ಕಿತು. ಆದರೆ ಮೊದಲು ನಕ್ಕದ್ದು ಯಾರು ಎಂಬುದು ನನಗೆ ಗೊತ್ತು. ಮುಂದಿನ ಬೆಂಚಿನಲ್ಲಿ, ಮೇಷ್ಟ್ರ ಎದುರಿಗೇ ಕೂತಿದ್ದವಳು ನಾನು. ಅಷ್ಟೇ ಅಲ್ಲ, ಅವರು ಅಷ್ಟಕ್ಕೇ ಬಿಡುವವರಿದ್ದರು, "ಮೀಟ್ರಮ್ಮ ಸಾರ್" ಎಂದು ಮೆಲ್ಲಗೆ ನಾನೇ ಹೇಳಿಕೊಟ್ಟೆ. ಅಡುಗೆಮನೆಯಲ್ಲಿ ಪ್ರೀತಿಯಿಂದ ಹುಟ್ಟಿದ ಹೆಸರು ಕಾಲೇಜಿನಲ್ಲಿ ತಿಪ್ಪಮ್ಮನಿಗೆ ಅಂಟಿತು. ವರಾಂಡದಲ್ಲಿ ಅವಳು ಹೋಗುತ್ತಿದ್ದರೆ ಹುಡುಗರು "ಮೀಟ್ರಮ್ಮೋ, ಎಷ್ಟು ಯೂನಿಟ್ಟು?" ಎಂದು ಕೂಗುತ್ತಿದ್ದರು. ನಾನು ಹೇಳಿಕೊಟ್ಟೆನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವಳು ಕೇಳಲಿಲ್ಲ.

ಆ ವರ್ಷವೇ ನಮ್ಮ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ. ಅಕ್ಕಪಕ್ಕದ ಊರುಗಳ ಕಾಲೇಜಿನವರು ಬರುವವರಿದ್ದರು, ಪ್ರತಿ ಕಾಲೇಜಿನಿಂದ ಒಬ್ಬ ವಿದ್ಯಾರ್ಥಿ ಪ್ರಬಂಧ ಓದಬೇಕು. ಮೇಷ್ಟ್ರು ನಮ್ಮ ಪಾಲಿಗೆ ಅದೇ ಹತ್ತು ಅಂಕದ ವಿಷಯವನ್ನು ಆರಿಸಿಕೊಂಡರು. ನೋಟ್ಸು ಹೇಗೂ ತಯಾರಿತ್ತಲ್ಲ. ಬರೆಯುವವರು ಬರೆದು ತನ್ನಿ ಅಂದರು. ನಾನು ನೋಟ್ಸನ್ನೇ ದುಂಡಗೆ ಬರೆದು ಗೆರೆ ಎಳೆದು ಕೊಟ್ಟೆ. ತಿಪ್ಪಮ್ಮ ಹನ್ನೊಂದು ಹಾಳೆ ಬರೆದಳು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಮೇಷ್ಟ್ರು ಅವಳ ಹಾಳೆಗಳನ್ನು ಓದತೊಡಗಿದರು. ಓದುತ್ತಾ ಓದುತ್ತಾ ಅವರ ಕಾಲು ಅಲ್ಲಾಡುವುದು ನಿಂತಿತು.

"ನೀನೇ ಬರೆದೆಯಾ?"

"ಹೂಂ ಸಾರ್."

"ಚೆನ್ನಾಗಿದೆ" ಅಂದರು. ಮೂರು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ಆಮೇಲೆ ಹಾಳೆಗಳನ್ನು ನನ್ನ ಕಡೆ ಚಾಚಿದರು. "ಓದೋದು ಗಿರಿಜಾ ಓದಲಿ."

"ಯಾಕ್ ಸಾರ್?" ಅಂದಳು ತಿಪ್ಪಮ್ಮ.

"ಹೊರಗಿನವರು ಬರ್ತಾರೆ. ನೀನು ಮೈಕಿನ ಮುಂದೆ ಐತೆ ಗೈತೆ ಅಂತ ಶುರು ಮಾಡಿದರೆ ಕಾಲೇಜಿನ ಮಾನ ಏನಾಗಬೇಕು?"

"ಬರ್ದಿರಾದು ಸರಿಯಾಗೇ ಐತಲ್ಲ ಸಾರ್. ಅದನ್ನೇ ನೋಡ್ಕಂಡು ಓದ್ತೀನಿ."

"ನೋಡು, ಈಗಲೇ 'ಬರ್ದಿರಾದು' ಅಂದೆ." ನನ್ನ ಕಡೆ ತಿರುಗಿದರು. "ಇಬ್ಬರ ಹೆಸರೂ ಹೇಳೋಣ. ಏನಮ್ಮ?"

ನಾನು "ಸರಿ ಸರ್" ಅಂದೆ. ಸರ್ ಎನ್ನುವುದನ್ನೂ ತಿದ್ದಿಕೊಂಡಿದ್ದೆ, ಸಾರ್ ಅನ್ನುತ್ತಿರಲಿಲ್ಲ.

ಸಂಕಿರಣದ ದಿನ ಮೇಷ್ಟ್ರು ಮೈಕಿನ ಮುಂದೆ ನಿಂತು, "ಈಗ ಕುಮಾರಿ ಗಿರಿಜಾ ತಮ್ಮ ಪ್ರಬಂಧವನ್ನು ಮಂಡಿಸುತ್ತಾರೆ" ಅಂದರು. ಇನ್ನೊಂದು ಹೆಸರಿಗೆ ಕಾದೆ. ಅವರು ಹೋಗಿ ಕೂತುಬಿಟ್ಟರು. ಮೈಕು ನನ್ನ ಬಾಯ ಮುಂದೆಯೇ ಇತ್ತು. 'ಇದನ್ನು ಬರೆದವಳು ತಿಪ್ಪಮ್ಮ' ಅನ್ನಲು ಎಷ್ಟು ಹೊತ್ತು ಬೇಕು? ನಾನು ಗಂಟಲು ಸರಿಮಾಡಿಕೊಂಡು ಓದಲು ಶುರು ಮಾಡಿದೆ. "ಒಬ್ಬ ತಾಯಿ ಬಾವಿಯ ಬಳಿ ಕೂತಿದ್ದಾಳೆ. ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ." ಸಭೆ ಸದ್ದಡಗಿತು. ನನ್ನ ಧ್ವನಿ ಚೆನ್ನಾಗಿತ್ತು. ಅದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ. ಮೂರನೆಯ ಸಾಲಿನಲ್ಲಿ ತಿಪ್ಪಮ್ಮ ಕೂತಿದ್ದಳು. ತುಟಿ ಅಲ್ಲಾಡಿಸುತ್ತಾ ನನ್ನ ಜೊತೆಗೇ ಪ್ರತಿ ಸಾಲನ್ನೂ ಹೇಳಿಕೊಳ್ಳುತ್ತಿದ್ದಳು.

ಮೊದಲ ಬಹುಮಾನ ಬಂತು. ಒಂದು ಪ್ರಮಾಣಪತ್ರ, ಒಂದು ಸ್ಟೀಲಿನ ತಟ್ಟೆ. ಹೊರಗೆ ಬಂದರೆ ನಲ್ಲಿಯ ಹತ್ತಿರ ತಿಪ್ಪಮ್ಮನ ಅಪ್ಪ. ಮಗಳು ಸಭೆಯಲ್ಲಿ ಓದುತ್ತಾಳೆಂದು ಮೊದಲೇ ಕಾಗದ ಬರೆದಿದ್ದಳು. ಬರಬೇಡಿ ಎಂದು ಇನ್ನೊಂದು ಕಾಗದ ಹಾಕುವಷ್ಟು ದಿನ ಉಳಿದಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವಲ್ಲು. ತಾಳ್ಯದಿಂದ ಬೆಳಗಿನ ಬಸ್ಸಿಗೇ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರಂತೆ.

"ನೀನೇನವ್ವ ಗಿರಿಜಾ? ಚೆನ್ನಾಗಿ ಓದ್ದೆ ತಾಯಿ" ಅಂದರು. ಟವಲ್ಲು ಸರಿಮಾಡಿಕೊಂಡು, "ನಮ್ಮ ಹುಡುಗಿ ಯುಗಾದಿಗೆ ಬಂದಾಗ ಇದೇ ಕಥೆ ಹೇಳಿದ್ಲು. ಇದು ಅವಳು ಬರ್ದಿದ್ದಲ್ವಾ?" ಅಂದರು.

"ಇಬ್ಬರೂ ಸೇರಿ ಬರೆದದ್ದು" ಅಂದೆ. ಒಂದು ಕ್ಷಣವೂ ತಡವಾಗಲಿಲ್ಲ, ಅಷ್ಟು ಸರಾಗವಾಗಿ ಬಂತು.

ಅವರು ಮಗಳ ಮುಖ ನೋಡಿದರು. ತಿಪ್ಪಮ್ಮ ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಾ, "ಹೂನಪ್ಪ, ಇಬ್ರೂ ಸೇರಿ" ಅಂದಳು.

"ಹಂಗಾದ್ರೆ ಇಬ್ರೂ ಓದ್ಬೇಕಿತ್ತು" ಎಂದರು ಅವರು. ಊಟಕ್ಕೂ ನಿಲ್ಲದೆ ಬಸ್ಟ್ಯಾಂಡಿನ ಕಡೆ ಹೊರಟರು. ತಿಪ್ಪಮ್ಮ ಗೇಟಿನವರೆಗೆ ಅವರ ಹಿಂದೆ ಹೋದಳು. ತಿರುಗಿ ಬಂದವಳು ಹಾಸ್ಟೆಲಿನಲ್ಲಿ ಮಂಚವನ್ನು ಕಿಟಕಿಯ ಕಡೆಗೆ ಬದಲಾಯಿಸಿಕೊಂಡಳು. ಜಗಳವಿಲ್ಲ, ಬೈಗಳವಿಲ್ಲ. 'ಸ್ನಾನ ಆಯ್ತಾ', 'ಊಟಕ್ಕೆ ಬೆಲ್ ಹೊಡೀತು' ಎನ್ನುವಷ್ಟು ಮಾತು ಮಾತ್ರ ಉಳಿಯಿತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ತಿಪ್ಪಮ್ಮ ಅದನ್ನು ಬಿಟ್ಟು ಬೇರೆಯದಕ್ಕೆ ಉತ್ತರ ಬರೆದಳು ಎಂದು ಯಾರೋ ಹೇಳಿದರು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆ ಹನ್ನೊಂದು ಹಾಳೆ ಅಚ್ಚಾಯಿತು, ನನ್ನ ಹೆಸರಿನಲ್ಲಿ, ಫೋಟೋ ಸಮೇತ.

ಪದವಿ ಮುಗಿದ ಮೇಲೆ ಅವಳಿಗೆ ಮದುವೆಯಾಯಿತು. ಗಂಡನಿಗೆ ಹಿರಿಯೂರಿನ ಹತ್ತಿರ ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸ. ನಾನು ಎಂ.ಎ. ಮಾಡಿ ಹೊಸದುರ್ಗದ ಒಂದು ಕಾಲೇಜಿಗೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ನಮ್ಮ ಮೇಷ್ಟ್ರೇ ಕೂತಿದ್ದರು. "ಗ್ರೀಕ್ ಪುರಾಣದ ಮೇಲೆ ಒಳ್ಳೆಯ ಪ್ರಬಂಧ ಬರೆದ ಹುಡುಗಿ" ಎಂದು ಉಳಿದವರಿಗೆ ಪರಿಚಯಿಸಿದರು. ಅವರು ಕೇಳಿದ್ದಕ್ಕೆಲ್ಲ ನಾನು ಬಾವಿ, ಮುದುಕಿ, ಬಿತ್ತನೆಯ ಹಬ್ಬ ಎಲ್ಲವನ್ನೂ ಹೇಳಿದೆ. ಕೆಲಸ ಸಿಕ್ಕಿತು, ತಾತ್ಕಾಲಿಕ. ತರಗತಿಯಲ್ಲಿ ಮಾತ್ರ ಬಾವಿಯನ್ನೂ ಹೇಳಲಿಲ್ಲ, ಮುದುಕಿಯನ್ನೂ ಹೇಳಲಿಲ್ಲ. ಪೀಠಿಕೆ, ದೇವಾಲಯ, ಶಿಲ್ಪ ಎಂದು ನೋಟ್ಸನ್ನೇ ಬರೆಸುತ್ತಾ ಬಂದೆ. ಆ ಕಥೆ ಬಾಯಿಗೆ ಬಂದರೆ ಮುಂದಿನ ಶೀರ್ಷಿಕೆಗೆ ದಾಟಿಬಿಡುತ್ತಿದ್ದೆ. ಪಾಪಪ್ರಜ್ಞೆ ಎಂದು ದೊಡ್ಡ ಹೆಸರು ಕೊಡುವುದು ಬೇಡ. ಹೆದರಿಕೆ, ಅಷ್ಟೇ.

ಹತ್ತು ವರ್ಷದ ಮೇಲೆ ಒಂದು ದಿನ ಹಾಗೆಯೇ ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಪೆನ್ನು ಕೆಳಗಿಟ್ಟು ಕೂತಿದ್ದಳು. "ಯಾಕಮ್ಮ, ಬರೀತಿಲ್ಲ?"

"ಇದು ಗೊತ್ತು ಮೇಡಂ. ನಮ್ಮಕ್ಕ ಹೇಳ್ಯಾಳೆ."

"ಯಾರಮ್ಮ ನಿಮ್ಮಕ್ಕ?"

"ತಿಪ್ಪಮ್ಮ ಅಂತ. ನಿಮ್ಮ ಜೊತೆ ಓದಿದ್ಲಂತಲ್ಲ ಮೇಡಂ? ನೀವು ಭಾಳ ಚೆನ್ನಾಗಿ ಓದ್ತಿದ್ರಿ ಅಂತ ಯಾವಾಗ್ಲೂ ಹೇಳ್ತಾಳೆ."

ಆ ಹುಡುಗಿಯ ಹೆಸರು ರತ್ನ, ಕೊನೆಯ ತಂಗಿ. ಹೊಸದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಮುಖದಲ್ಲಿ ಯಾವ ಕುಹಕವೂ ಇರಲಿಲ್ಲ. ಅಕ್ಕ ಅವಳಿಗೆ ಏನನ್ನೂ ಹೇಳಿಯೇ ಇರಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಮುಂದಿನ ಭಾನುವಾರ ಹಿರಿಯೂರಿನ ಬಸ್ಸು ಹತ್ತಿ ಬಬ್ಬೂರಿಗೆ ಹೋದೆ. ತಿಪ್ಪಮ್ಮ ಬಾಗಿಲಲ್ಲೇ ಬಟ್ಟೆ ಹಿಂಡುತ್ತಿದ್ದಳು. ಅವಳೂ ಫಾರಂಗೆ ದಿನಗೂಲಿಗೆ ಹೋಗುತ್ತಿದ್ದಳು, ಸಸಿಯ ಚೀಲಗಳಿಗೆ ಮಣ್ಣು ತುಂಬುವ ಕೆಲಸ. ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು. "ಬಾರೇ, ಕುಂತ್ಕ" ಎಂದು ಚಾಪೆ ಹಾಸಿದಳು. ಕಾಫಿ ಕೊಟ್ಟಳು. ಬಸ್ಸಿನಲ್ಲಿ ಕೂಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ "ಅವತ್ತು ನಾನು..." ಎನ್ನುವಷ್ಟನ್ನು ಮಾತ್ರ ಹೇಳಲಾಯಿತು, ಉಳಿದದ್ದು ಅಳುವಿನಲ್ಲಿ ಹೋಯಿತು.

"ಅಳಬ್ಯಾಡ್ವೇ" ಅಂದಳು ಅವಳು, ಬಾಗಿಲ ಕಡೆ ನೋಡುತ್ತಾ. "ಅಕ್ಕಪಕ್ಕದೋರು ನಾನೇ ಏನೋ ಅಂದೆ ಅನ್ಕಂತಾರೆ."

ಅವಳು ಬೈದಿದ್ದರೆ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಬೈಯಲಿಲ್ಲ. ಹಾಗಾಗಿ ನನ್ನ ಎದೆ ಹಗುರ ಮಾಡಿಕೊಳ್ಳಲು ನಾನೇ ಏನಾದರೂ ಕೊಡಬೇಕಾಯಿತು. "ನಮ್ಮ ಕಾಲೇಜಿಗೆ ಬಾರೇ. ನಮ್ಮ ಹುಡುಗಿಯರಿಗೆ ಆ ಕಥೆ ನೀನೇ ಹೇಳು. ಬರೆದವಳು ನೀನು ಅಂತ ನಾನೇ ಎಲ್ಲರ ಮುಂದೆ ಹೇಳ್ತೀನಿ."

ಅವಳು ಉಗುರಿನ ಮಣ್ಣು ಕೆರೆದುಕೊಂಡಳು. "ನನ್ ಮಾತು ಇಂಗೇ ಐತಲ್ಲೇ."

"ಇಂಗೇ ಹೇಳು."

"ಯಾವತ್ತು?" ಅಂದಳು. ಅವಳ ಮುಖದಲ್ಲಿ ಹಳೆಯ ಅಡುಗೆಮನೆಯ ತಿಪ್ಪಮ್ಮ ಒಂದು ಗಳಿಗೆ ಇಣುಕಿದಳು. ಮುಂದಿನ ತಿಂಗಳು ಎಂದು ಹೇಳಿ, ಮನೆಯ ಫೋನ್ ನಂಬರು ಬರೆದುಕೊಟ್ಟು ಬಂದೆ.

ಹೊಸದುರ್ಗಕ್ಕೆ ಬಂದ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು. ನನ್ನನ್ನು ಕಾಯಂ ಮಾಡುವ ಮಾತು ಆಗ ನಡೆಯುತ್ತಿತ್ತು. ನಿವೃತ್ತರಾಗಿದ್ದ ನಮ್ಮ ಮೇಷ್ಟ್ರು ಈ ಕಾಲೇಜಿನ ಆಡಳಿತ ಸಮಿತಿಯಲ್ಲಿದ್ದರು. ನಮ್ಮ ವಿಭಾಗದಲ್ಲಿ ಏನು ಸಮಾರಂಭ ಮಾಡಿದರೂ ಅಧ್ಯಕ್ಷತೆ ಅವರದೇ. ಒಂದೇ ವೇದಿಕೆಯ ಮೇಲೆ ಅವರು, ತಿಪ್ಪಮ್ಮ, ನಾನು. ಅವಳು ಬಾಯಿ ತೆರೆಯುವುದೂ ಬೇಡ, ನಾನು ಒಂದು ವಾಕ್ಯ ಹೇಳಿದರೆ ಸಾಕು, ಕೆಲಸಕ್ಕೇ ಸಂಚಕಾರ.

ತಿಂಗಳಾಯಿತು. ಬೂತಿನಿಂದ ಫೋನ್ ಬಂತು. "ಯಾವತ್ತು ಬರ್ಲೇ?" ಪರೀಕ್ಷೆ ಹತ್ತಿರ ಬಂತು, ಮುಗಿಯಲಿ ಅಂದೆ. ಮತ್ತೆ ಬಂತು. "ಪರೀಕ್ಷೆ ಮುಗೀತಂತೆ, ರತ್ನ ಹೇಳಿದ್ಲು." ರಜೆ ಕಣೇ, ಹುಡುಗಿಯರು ಯಾರೂ ಇಲ್ಲ ಅಂದೆ. ಮೂರನೆಯ ಸಲ ಯಜಮಾನರು ಎತ್ತಿಕೊಂಡರು. ಯಾರೆಂದು ಗೊತ್ತಾದ ಕೂಡಲೇ ನಾನು ಮನೆಯಲ್ಲಿಲ್ಲ ಎಂದು ಕೈಸನ್ನೆ ಮಾಡಿದೆ. ಆಮೇಲೆ ಬರಲಿಲ್ಲ.

ಕಾಯಂ ಆದೇಶ ಬಂದ ದಿನ ಮೇಷ್ಟ್ರು ತಾವೇ ಫೋನ್ ಮಾಡಿದರು. "ನಿನ್ನ ಆ ಪ್ರಬಂಧ ಇನ್ನೂ ನೆನಪಿದೆಯಮ್ಮ" ಅಂದರು. ಮರೆತು ಹೇಳಿದರೋ, ನೆನಪಿಟ್ಟುಕೊಂಡೇ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. "ಎಲ್ಲ ನಿಮ್ಮ ಆಶೀರ್ವಾದ ಸರ್" ಅಂದೆ. ಕಾಯಂ ಆದ ಮೇಲಾದರೂ ಅವಳನ್ನು ಕರೆಯಬಹುದಿತ್ತು. ಆಗ ಹೆದರಲು ಕಾರಣವಿರಲಿಲ್ಲ. ಕಾರಣವಿಲ್ಲದೆಯೂ ಎರಡು ವರ್ಷ ಸುಮ್ಮನಿದ್ದೆ.

ಮೇಷ್ಟ್ರು ತೀರಿಕೊಂಡ ಮೇಲೆ ನನಗೆ ಧೈರ್ಯ ಬಂತು. ಇದನ್ನು ಧೈರ್ಯ ಅನ್ನುವುದಾದರೆ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ರತ್ನಳ ಹತ್ತಿರ ನಂಬರು ತೆಗೆದುಕೊಂಡು ಫೋನ್ ಮಾಡಿದೆ. "ತಿಪ್ಪಿ, ಈಗ ಬಾರೇ. ದಿನ ನೀನೇ ಹೇಳು."

"ಈಗ ಬ್ಯಾಡ ಕಣೇ."

"ಸಿಟ್ಟಾ?"

"ಸಿಟ್ಟೇನಿಲ್ಲ. ಅವಾಗ ನಾನು ಇಲ್ಲಿ ಜೊತ್ಯಾಗೆ ಕೆಲಸ ಮಾಡೋ ಹೆಂಗಸರಿಗೆಲ್ಲ ಹೇಳ್ಕಂಡು ಬಿಟ್ಟಿದ್ದೆ, ಕಾಲೇಜಿನಾಗೆ ಮಾತಾಡಾಕೆ ಕರ್ದಾರೆ ಅಂತ. ಒಂದು ಹೊಸ ಬ್ಲೌಸೂ ಹೊಲಿಸಿದ್ದೆ. ದಿನಾ ಕೇಳೋರು, ಯಾವತ್ತು ಹೋಗ್ತೀಯ, ಯಾವತ್ತು ಹೋಗ್ತೀಯ ಅಂತ. ಸಾಕಾಗಿ ಒಂದಿನ ರಜ ಹಾಕಿ ಆ ಬ್ಲೌಸ್ ಹಾಕ್ಕಂಡು ಹಿರಿಯೂರಿಗೆ ಹೋದೆ. ಬಸ್ಟ್ಯಾಂಡಿನಾಗೆ ಸಂಜಿ ತನಕ ಕುಂತಿದ್ದು ವಾಪಸ್ ಬಂದೆ. ಹೋಗಿಬಂದೆ ಅಂತ ಹೇಳೀನಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ಎಲ್ರೂ ಚಪ್ಪಾಳೆ ಹೊಡುದ್ರು ಅಂತ ಹೇಳೀನಿ. ನೀನು ಶಾಲು ಹೊದಿಸ್ದೆ ಅಂತಾನೂ ಹೇಳೀನಿ. ಈಗ ಮತ್ತೆ ಹೋಗ್ತೀನಿ ಅಂದ್ರೆ ಅವರಿಗೆ ಏನಂತ ಹೇಳ್ಲೇ?" ಅಂದಳು. ಒಳಗೆ ಕುಕ್ಕರ್ ಕೂಗಿತೆಂದು ಹೇಳಿ ಫೋನ್ ಇಟ್ಟಳು.